ಚಿಕಿತ್ಸಾಲಯದಿಂದ ನಿಘಂಟಿನವರೆಗೆ

ಪರದೇಶಗಳಲ್ಲಿ ನೆಲಸಿ ರೋಗಿಗಳ ಸೇವೆಗೈದ ಮಿಶನರಿ ವೈದ್ಯರು ಹಲವರು. ಅವರಲ್ಲಿ ಜಪಾನಿಗೆ ತೆರಳಿದ ಅಮೆರಿಕದ ಜೇಮ್ಸ್ ಕರ್ಟಿಸ್ ಹೆಪ್‌ಬರ್ನರ ಚರಿತ್ರೆಯು, ನುಡಿಗಾಗಿಯೇ ಸಂಘ ಕಟ್ಟಿಕೊಂಡಿರುವ ನಮ್ಮಂಥವರ ಮನಸ್ಸನ್ನು ಹೆಚ್ಚಾಗಿ ಸೆಳೆಯುವಂಥದು.

1815ರಲ್ಲಿ ಪೆನ್ಸಿಲ್ವೇನಿಯದಲ್ಲಿ ಜನಿಸಿದ ಇವರು 1836ರಲ್ಲಿ ವೈದ್ಯ ಪದವೀಧರರಾದರು. ಸಿಂಗಪುರ, ಚೀನಗಳಲ್ಲಿ ಕೆಲಕಾಲ ಸೇವೆ ಸಲ್ಲಿಸಿ, ಅನಾರೋಗ್ಯದಿಂದ ಹಿಂತಿರುಗಿ, ನ್ಯೂಯಾರ್ಕಿನಲ್ಲಿ ವೃತ್ತಿ ನಡೆಸಿ ಹೆಸರನ್ನೂ ಹಣವನ್ನೂ ಗಳಿಸಿದರು. ಮೂವರು ಎಳೆಯ ಮಕ್ಕಳನ್ನು ಕಳೆದುಕೊಂಡದ್ದೂ ಅಲ್ಲಿಯೇ. 1859ರಲ್ಲಿ, ನಲವತ್ತನಾಲ್ಕರ ಪ್ರಾಯದಲ್ಲಿ, ಎಲ್ಲವನ್ನೂ ತೊರೆದು ಪತ್ನಿ ಕ್ಲಾರಾರೊಡನೆ ಕನಗಾವದಲ್ಲಿ ಬಂದಿಳಿದರು.

ಜಪಾನಿನಲ್ಲಿ ಆಗ ಕ್ರೈಸ್ತಮತವು ನಿಷಿದ್ಧವಾಗಿತ್ತು. ನಿಷೇಧದ ಫಲಕಗಳು ಇಳಿದದ್ದು 1873ರಲ್ಲಿ. ಉಪದೇಶಕ್ಕೆ ಎಡೆಯಿಲ್ಲದಲ್ಲಿ ಔಷಧಕ್ಕೆ ಎಡೆಯಿತ್ತು. ಆದರೂ 1861ರಲ್ಲಿ ಬೌದ್ಧ ದೇವಾಲಯವೊಂದರಲ್ಲಿ ತೆರೆದ ಚಿಕಿತ್ಸಾಲಯವನ್ನು ಅಧಿಕಾರಿಗಳು ಕೆಲವೇ ತಿಂಗಳಲ್ಲಿ ಮುಚ್ಚಿಸಿದರು. ವೈದ್ಯರು ಎದೆಗುಂದದೆ ಯೊಕೊಹಾಮಕ್ಕೆ ಹೋಗಿ ಸೇವೆಯನ್ನು ಮುಂದುವರಿಸಿದರು. 1867ರಲ್ಲಿ ಕಬುಕಿ ನಟ ಸವಾಮುರ ತನೊಸುಕೆಯ ಕೊಳೆತ ಕಾಲನ್ನು ಕತ್ತರಿಸಿ ಪ್ರಾಣವುಳಿಸಿದರು. ಅಮೆರಿಕದಿಂದ ತರಿಸಿದ ಕೃತಕ ಕಾಲನ್ನು ತೊಟ್ಟು ಆ ನಟನು ಮತ್ತೆ ರಂಗವೇರಿದನು!

ರೋಗಿಯ ಮಾತು ತಿಳಿಯದೆ ರೋಗವು ತಿಳಿಯುವುದೆಂತು? ಹೆಪ್‌ಬರ್ನರು ಹಳೆಯ ಪದಕೋಶಗಳನ್ನು ನೋಡಿದರಾದರೂ ಮುಖ್ಯವಾಗಿ ನೆಚ್ಚಿದ್ದು ಜನರ ಬಾಯ ನುಡಿಯನ್ನೇ. ಕಣ್ಣುಬೇನೆಗೆಂದು ಬಂದ ಕಿಶಿದ ಗಿಂಕೊ ಎಂಬಾತನು ಗುಣಹೊಂದಿ ಅವರ ನಿಘಂಟಿಗೆ ಸಹಾಯಕನಾದನು. ವೈದ್ಯರಿಂದಲೇ ಕಲಿತ ಕಣ್ಣಿನ ಔಷಧವನ್ನು ಮಾರಿ ಮುಂದೆ ಪ್ರಸಿದ್ಧನಾದನೆಂಬುದು ಬೇರೆಯ ಕಥೆ. ಕಿಟ್ಟೆಲರ ಕನ್ನಡ ನಿಘಂಟಿಗೆ 1894ರಲ್ಲಿ ಮಂಗಳೂರಿನಲ್ಲಿಯೇ ಅಚ್ಚುಕೂಟವು ದೊರೆಯಿತು. ಹೆಪ್‌ಬರ್ನರಿಗೆ ಜಪಾನಿನಲ್ಲಿ ಅಂಥ ಅನುಕೂಲವಿರಲಿಲ್ಲ. ಹಸ್ತಪ್ರತಿಯನ್ನು ಹೊತ್ತು ಇಬ್ಬರೂ 1866ರಲ್ಲಿ ಶಾಂಘೈಗೆ ಹಡಗೇರಿದರು. ಇಪ್ಪತ್ತು ಸಾವಿರಕ್ಕೂ ಮಿಕ್ಕ ಶಬ್ದಗಳುಳ್ಳ ಜಪಾನಿ–ಇಂಗ್ಲಿಷ್ ನಿಘಂಟು 1867ರಲ್ಲಿ ಹೊರಬಂದಿತು.

1886ರ ಮೂರನೆಯ ಆವೃತ್ತಿಯ ಹಕ್ಕನ್ನು ಮಾರಿ ಬಂದ ಹಣವನ್ನು ಅವರು ಮೇಜಿ ಗಕುಯಿನ್ ವಿದ್ಯಾಸಂಸ್ಥೆಗೆ ಕೊಟ್ಟುಬಿಟ್ಟರು. 1892ರಲ್ಲಿ ಸ್ವದೇಶಕ್ಕೆ ಮರಳಿ, 1911ರಲ್ಲಿ, ತೊಂಬತ್ತಾರರ ಪ್ರಾಯದಲ್ಲಿ ತೀರಿಕೊಂಡರು. ಜಪಾನಿ ನುಡಿಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ, ಆ ಮೂರನೆಯ ಆವೃತ್ತಿಯಿಂದ ಹರಡಿದ ಪದ್ಧತಿಗೆ ಅವರ ಹೆಸರೇ ನಿಂತಿದೆ. ಅಲ್ಲಿನ ರೈಲು ನಿಲ್ದಾಣಗಳ ಫಲಕಗಳಲ್ಲಿ, ಜಪಾನಿ ಅಕ್ಷರಗಳ ಜೊತೆಯಲ್ಲಿ, ಊರ ಹೆಸರುಗಳನ್ನು ಇಂದಿಗೂ ಆ ರೀತಿಯಲ್ಲಿಯೇ ಬರೆಯುತ್ತಾರೆ.