ಒಣಮೀನು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ತುಳುವಿನಲ್ಲಿ ನುಂಗೆಲ್ ಮೀನು ಎನ್ನಿಸಿಕೊಳ್ಳುವ ಒಣಮೀನು ದಕ್ಷಿಣ ಕನ್ನಡದ ಒಳನಾಡಿನಲ್ಲಿ ಮುಖ್ಯವಾಗಿ ಮಳೆಗಾಲದ ವ್ಯಂಜನ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಿಗೆ ಕಡಲ ತೀರವಿಲ್ಲ. ಮೀನು ಒಣಗುವುದು ಕರಾವಳಿಯ ಬೆಂಗ್ರೆ, ಮಲ್ಪೆಯ ಕಡೆ. ಅದನ್ನು ಕೆಡದಂತೆ ಕಾಪಿಟ್ಟು ತಿಂಗಳುಗಟ್ಟಲೆ ಉಣ್ಣುವ ಜಾಣ್ಮೆ ಬೆಳೆದದ್ದು ಇಲ್ಲಿ. ಹಿಂದೆ ಮಂಗಳೂರಿನ ಸರಕು ನೇತ್ರಾವತಿಯ ದೋಣಿಗಳಲ್ಲಿ ಪಾಣೆಮಂಗಳೂರು, ಬಂಟ್ವಾಳದವರೆಗೆ ಬರುತ್ತಿತ್ತು. ಮುಂದಿನದು ಎತ್ತಿನ ಗಾಡಿ, ತಲೆಹೊರೆಯ ದಾರಿ.

ಎಟ್ಟಿ (ಸಿಗಡಿ), ಗೋಲಾಯಿಯಂಥ ಸಣ್ಣ ಮೀನುಗಳು ಉಪ್ಪಿಲ್ಲದೆಯೇ ಬಿಸಿಲಿಗೆ ಒಣಗುತ್ತವೆ. ಬಂಗುಡೆ, ಶಾರ್ಕ್‌ಗಳಿಗೆ ಅಷ್ಟು ಸಾಲದು. ಕರುಳು ತೆಗೆದು, ಸೀಳಿ, ಉಪ್ಪು ತುಂಬಬೇಕು. ಉಪ್ಪು ಮಾಂಸದ ನೀರನ್ನು ಹೊರಗೆಳೆದು ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಬೂತಾಯಿಯ ಕಷ್ಟ ಬೇರೆ: ಎಣ್ಣೆ ಹೆಚ್ಚಿರುವುದರಿಂದ ಬೇಗ ಕಮಟು ಹಿಡಿಯುತ್ತದೆ. ಈ ಕರಾವಳಿಯಲ್ಲಿ ‘ಕೊಲಂಬೊ ಪದ್ಧತಿ’ ಎಂಬುದೂ ಇತ್ತು. ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು ಹಾಕಿ, ಹೊಟ್ಟೆಗೆ ಉಪ್ಪಾಗೆ ಹುಳಿಯಿಟ್ಟು, ಪೀಪಾಯಿಗಳಲ್ಲಿ ಸಿಂಹಳಕ್ಕೆ ಕಳಿಸುತ್ತಿದ್ದರು. ಬ್ರಿಟಿಷರ ಉಪ್ಪಿನ ತೆರಿಗೆ ಈ ಕಸುಬಿಗೆ ಭಾರವಾಗಿತ್ತು. ಮದರಾಸು ಸರ್ಕಾರ ಸಂಸ್ಕರಣ ಅಂಗಳಗಳಲ್ಲಿ ತೆರಿಗೆಯಿಲ್ಲದ ಉಪ್ಪು ಕೊಟ್ಟದ್ದು ಅದಕ್ಕಾಗಿಯೇ.

ಒಳನಾಡಿನ ಖರೀದಿ ಮೇ ಕೊನೆಗೆ ಬರುವ ತುಳುವರ ಪರ್ವದಿನ ಪತ್ತನಾಜೆಯ ಸುಮಾರಿಗೆ, ಮಳೆ ಹಿಡಿಯುವ ಮೊದಲು ಮುಗಿಯಬೇಕು. ತಂದದ್ದನ್ನು ಮತ್ತೊಮ್ಮೆ ಬಿಸಿಲಿಗೆ ಹರವಿ ಡಬ್ಬಿಗೆ ತುಂಬುತ್ತಾರೆ, ಇಲ್ಲವೇ ಒಲೆಯ ಮೇಲಿನ ಹೊಗೆಗೆ ತೂಗುಹಾಕುತ್ತಾರೆ. ತುಳುವರ ಮಳೆಗಾಲದ ತಿಂಗಳಾದ ಆಟಿಯ ತೇವದಲ್ಲಿ ಬೂಷ್ಟು ಹಿಡಿದರೆ ಎಲ್ಲ ವ್ಯರ್ಥ.

ಎಟ್ಟಿ ಚಟ್ನಿಗೆ ತಲೆ ಚಿವುಟಿ, ಬರಿಯ ಓಡಿನಲ್ಲಿ ಗರಿಗರಿಯಾಗುವಷ್ಟು ಹುರಿದು, ಅಂಟಿದ ಮರಳನ್ನು ಕೊಡವುತ್ತಾರೆ. ತೆಂಗಿನತುರಿ, ಹುರಿದ ಒಣಮೆಣಸು, ಹುಣಸೆ, ಬೆಳ್ಳುಳ್ಳಿಯನ್ನು ನೀರು ಹಾಕದೆ ತರಿತರಿಯಾಗಿ ಅರೆದು, ಎಟ್ಟಿಯನ್ನು ಕೊನೆಗೆ ಸೇರಿಸುತ್ತಾರೆ; ನುಣ್ಣಗಾದರೆ ರುಚಿ ಹೋಯಿತು. ಕುಚ್ಚಲಕ್ಕಿ ಗಂಜಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಶಾರ್ಕ್ ತುಂಡುಗಳನ್ನು ಬಿಸಿನೀರಿನಲ್ಲಿ ನೆನೆಸಿ ಉಪ್ಪಿಳಿಸಿ ಸಾರು ಮಾಡುತ್ತಾರೆ. ಸೌತೆ, ಬದನೆ, ಹಲಸಿನ ಬೀಜದ ಪದಾರ್ಥಗಳಿಗೂ ಒಣಮೀನು ಬೀಳುತ್ತದೆ.

ಬಂಟರು, ಬಿಲ್ಲವರು, ಕ್ರೈಸ್ತರು, ಬ್ಯಾರಿಗಳು ಇದನ್ನು ಉಣ್ಣುತ್ತಾರೆ. ಜೈನರೂ ಸಸ್ಯಾಹಾರಿ ಬ್ರಾಹ್ಮಣರೂ ಮುಟ್ಟುವುದಿಲ್ಲ. ಜೈನಕಾಶಿ ಎನಿಸಿದ ಮೂಡುಬಿದಿರೆಯಲ್ಲಿ ಎರಡು ಊಟಗಳೂ ಅಕ್ಕಪಕ್ಕದಲ್ಲಿವೆ. ಒಣಮೀನು ತುಳುನಾಡಿನದಷ್ಟೇ ಅಲ್ಲ: ಪೂರ್ವ ಬಂಗಾಳದ ಶುಟ್ಕಿಯೂ ಹೀಗೆಯೇ ಒಣಗಿಸಿದ್ದು. ಆದರೆ ಅಲ್ಲಿ ಮೀನನ್ನು ಮಡಕೆಯಲ್ಲಿ ಹುದುಗೆಬ್ಬಿಸಿ ಮಾಡುವ ಶಿದೋಲ್ ಕೂಡ ಇದೆ. ತುಳುನಾಡಿನ ಅಡುಗೆ ಆ ಕಡೆ ಹೋಗಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಜೂನ್ ನಡುವೆ ಪೂರ್ವ ಕರಾವಳಿಯ ನಿಷೇಧ ಮುಗಿದ ಮೇಲೆ ಅಲ್ಲಿನ ಮೀನು ಮಂಜುಗಡ್ಡೆಯಲ್ಲಿ ಇಲ್ಲಿಗೂ ಬರುವುದರಿಂದ ಒಣಮೀನು ಈಗ ಅನಿವಾರ್ಯವಲ್ಲ. ಬೇಕೆಂದೇ ಕೊಳ್ಳುವ ರುಚಿ.