ನಿಯಮದ ಮುದ್ರಣ: ಹಾಸಿನ ಆಟಗಳ ಪ್ರಕಾಶನ ಚರಿತ್ರೆಯ ಒಂದು ಸಮೀಕ್ಷೆ

ಅರಸರ ವಂಶಾವಳಿ, ಯುದ್ಧ, ದತ್ತಿ, ಶಾಸನ ಇವುಗಳ ಶೋಧನೆಯಲ್ಲಿ ನಮ್ಮ ಇತಿಹಾಸಜ್ಞರು ತೋರಿರುವ ಆಸ್ಥೆ ಜನರ ವಿರಾಮಕಾಲದ ವಿಷಯದಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ. ಆಟವೆಂಬುದು ಮಕ್ಕಳ ವಿಷಯ, ಅದರಲ್ಲಿ ಚರಿತ್ರೆಯೇನಿದೆ ಎಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಆಟವೂ ಒಂದು ಶಾಸನವೇ. ಕೂಡಿ ಕುಳಿತವರೆಲ್ಲರೂ ಒಪ್ಪಿ ನಡೆಯಬೇಕಾದ ಕಟ್ಟಳೆಗಳು ಅದಕ್ಕೂ ಇವೆ. ಆ ಕಟ್ಟಳೆಗಳನ್ನು ಯಾರು ಬರೆದಿಟ್ಟರು, ಯಾರು ಅಚ್ಚುಹಾಕಿ ಹಂಚಿದರು, ಬರೆದಿಡದೆ ಹೋದಾಗ ಏನಾಯಿತು ಎಂಬುದನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಮೊದಲು ನಮ್ಮ ನೆರೆಯನ್ನೇ ನೋಡೋಣ. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದು, ಈಗ ತಾನೇ ತಾಲೂಕಿನ ಮುಖ್ಯಸ್ಥಳವಾಗಿರುವ ಚಡಚಣದ ಸೀಮೆಯಲ್ಲಿ, ಹಾಗೆಯೇ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಲ್ಲಿ ಪಗಡೆ, ಚೌಕಾಬಾರ, ಹುಲಿ-ಕುರಿಗಳಂತಹ ಆಟಗಳು ಪರಿಚಿತವಾದವು. ಇವುಗಳಿಗೆ ಬೇಕಾದ ಸಾಮಗ್ರಿ ಅತ್ಯಲ್ಪ. ಕಟ್ಟೆಯ ಕಲ್ಲಿನ ಮೇಲೆ ಗೆರೆ ಎಳೆದು, ನಾಲ್ಕು ಕವಡೆ ಹಾಗೂ ಬಳೆಚೂರು, ಹುಣಿಸೆಬೀಜಗಳಿದ್ದರೆ ಆಟ ಸಿದ್ಧ. ಚೌಕಾಬಾರದಲ್ಲಿ ಐದೈದರಂತೆ 25 ಮನೆಗಳು. ಚೌಕವೆಂದರೆ ನಾಲ್ಕು, ಬಾರವೆಂದರೆ ಎಂಟು. ಇಷ್ಟು ಸರ್ವಸಾಮಾನ್ಯ. ಆದರೆ ಎದುರಾಳಿಯ ಕಾಯಿಯನ್ನು ಕಡಿಯದೆ ಒಳಸುತ್ತಿಗೆ ಹೋಗಬಹುದೇ, ಜೋಡಿಕಾಯಿಯನ್ನು ಒಂಟಿಕಾಯಿ ಕಡಿಯಬಹುದೇ ಎಂಬ ಪ್ರಶ್ನೆಗಳಿಗೆ ಒಂದೊಂದು ಕಡೆ ಒಂದೊಂದು ಉತ್ತರ ದೊರೆಯುತ್ತದೆ. ಇಲ್ಲಿ ನಿಯಮವು ಕಲಿಸುವವರ ನಾಲಿಗೆಯ ಮೇಲಿದೆ. ಕಲಿಸುವವರು ತೀರಿದರೆ ನಿಯಮವೂ ತೀರುತ್ತದೆ.

ಆಟದ ವಿಚಾರವನ್ನು ಗ್ರಂಥಸ್ಥಗೊಳಿಸುವ ಕಾರ್ಯ ನಮ್ಮ ನಾಡಿಗೆ ಹೊಸದಲ್ಲ. ಈ ಸೀಮೆಯು ತರ್ದವಾಡಿ ನಾಡೆಂಬ ಹೆಸರಿನಿಂದ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದಾಗ, ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಐದು ವಿಂಶತಿಗಳ ಈ ಗ್ರಂಥದಲ್ಲಿ ರಾಜ್ಯದ ಪ್ರಾಪ್ತಿ, ಸ್ಥೈರ್ಯಗಳ ಜೊತೆಗೆ ವಿನೋದ, ಕ್ರೀಡೆಗಳಿಗೂ ಸ್ಥಾನ ದೊರೆತಿದೆ. ಚದುರಂಗವೂ ಪಗಡೆಯ ಪೂರ್ವರೂಪವಾದ ಪಾಶಕವೂ ಅಲ್ಲಿ ನಿರೂಪಿತವಾಗಿವೆ. ರಾಜ್ಯ ಆಳುವವನಿಗೆ ಆಟದ ಜ್ಞಾನವೂ ತಕ್ಕುದೆಂಬುದು ಚಾಲುಕ್ಯ ದೊರೆಯ ನಿಲುವಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ಆದರೆ ಅದು ಓಲೆಯ ಕಾಲ. ಗ್ರಂಥವು ಆಸ್ಥಾನದ ಪಂಡಿತರಿಗೆ ಮೀಸಲಾಗಿತ್ತೇ ಹೊರತು ಕಟ್ಟೆಯ ಮೇಲೆ ಕುಳಿತವರಿಗೆ ಅದರ ಸಂಪರ್ಕವಿರಲಿಲ್ಲ.

ಕನ್ನಡನಾಡಿನಲ್ಲಿ ಆಟಗಳನ್ನು ಸ್ವತಃ ಕಲ್ಪಿಸಿ, ಅವುಗಳ ನಿಯಮಗಳನ್ನು ಬರೆಯಿಸಿದವರಲ್ಲಿ ಅಗ್ರಗಣ್ಯನಾದವನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್. 1794ರಲ್ಲಿ ಜನಿಸಿ 1799ರಲ್ಲಿ ಬಾಲ್ಯದಲ್ಲಿಯೇ ಸಿಂಹಾಸನವೇರಿದ ಈ ಅರಸನಿಂದ 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಸಿದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಆತನು ಅಧಿಕಾರವಿಲ್ಲದ ಅರಸನಾಗಿಯೇ ಉಳಿದನು. ಆತನ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ವಿಶೇಷ ಸ್ಥಾನವಿದೆ. ಸಾಮಾನ್ಯವಾದ ದಶಾವತಾರ ಗಂಜೀಫಕ್ಕೆ 120 ಎಲೆಗಳು ಸಾಕು. ಈ ಅರಸನ ಚಾಮುಂಡೇಶ್ವರಿ ಛದಕ್ಕೆ ಬೇಕಾದವು 320 ಎಲೆಗಳು. ಚದುರಂಗದ ಕುದುರೆಯು ಒಂದು ಮನೆಯನ್ನೂ ಎರಡನೆಯ ಬಾರಿ ಮೆಟ್ಟದೆ 64 ಮನೆಗಳನ್ನು ಸುತ್ತಿಬರುವ ಸಮಸ್ಯೆಯಲ್ಲಿ ಆತನ ಪರಿಣತಿ ಯುರೋಪಿನ ವಿದ್ವಾಂಸರ ಗಮನಕ್ಕೂ ಬಂದಿತು. ದೇವೀಸಾಯುಜ್ಯವೆಂಬ ಆಟದಲ್ಲಂತೂ, ಹೆಸರೇ ಸೂಚಿಸುವಂತೆ, ದೇವಿಯ ಸನ್ನಿಧಿಯನ್ನು ಸೇರುವುದೇ ಆಟಗಾರನ ಗುರಿ.

ಇದನ್ನೆಲ್ಲ ಕೆಲಸವಿಲ್ಲದ ದೊರೆಯ ಕಾಲಹರಣವೆಂದು ತಳ್ಳಿಹಾಕುವುದು ಸುಲಭ. ಆದರೆ ನಾಡಿಗೆ ಕಟ್ಟಳೆ ವಿಧಿಸುವ ಅಧಿಕಾರವನ್ನು ಕಳೆದುಕೊಂಡವನು ಹಾಸಿನ ಮೇಲೆ, ಎಲೆಗಳ ನಡುವೆ, ಯಾವ ಕಮಿಷನರನ ಅನುಮತಿಯೂ ಬೇಡದ ಕಟ್ಟಳೆಗಳನ್ನು ರಚಿಸಿದನೆಂಬ ಸಂಗತಿಯು ಇತಿಹಾಸಕಾರನಿಗೆ ಚಿಂತನಾರ್ಹವಾದುದು. ಅದಕ್ಕಿಂತಲೂ ಚಿಂತನಾರ್ಹವಾದುದು ಆ ಆಟಗಳ ಮುಂದಿನ ಗತಿ. ಕೌತುಕನಿಧಿಯು ಹಸ್ತಪ್ರತಿಯಾಗಿಯೇ ಬಹುಕಾಲ ಉಳಿಯಿತು. ಅದರಲ್ಲಿನ 122 ಯೋಗಾಸನಗಳ ಭಾಗವನ್ನು ಸ್ಯೋಮನ್ ಎಂಬ ವಿದ್ವಾಂಸರು 1996ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದ ಮೇಲೆ, ಅದು ಯೋಗಚರಿತ್ರೆಯ ಚರ್ಚೆಗಳಿಗೆ ಆಧಾರವಾಯಿತು. ಆಟಗಳಿಗೆ ಅಂತಹ ಭಾಗ್ಯ ದೊರೆಯಲಿಲ್ಲ. ಮೈಸೂರು ಗಂಜೀಫದ ಚಿತ್ರಕಲೆ ಗಂಜೀಫ ರಘುಪತಿ ಭಟ್ಟರಂತಹ ಕಲಾವಿದರ ಪರಿಶ್ರಮದಿಂದ ಪುನಶ್ಚೇತನ ಪಡೆಯಿತು. ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಗಳಿಸಿತು. ಎಲೆಗಳು ಇಂದು ಚೌಕಟ್ಟಿನೊಳಗೆ ಗೋಡೆಯನ್ನು ಅಲಂಕರಿಸುತ್ತವೆ. ಅವನ್ನು ಹಿಡಿದು ಆಡಬಲ್ಲವರು ವಿರಳ. ಚಿತ್ರ ಉಳಿಯಿತು, ನಿಯಮ ಮರೆಯಾಯಿತು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳನ್ನು ನಡೆಸಿ, ಕುಶಲಕರ್ಮಿಗಳಿಂದ ಹಾಸು, ಮಣೆ, ಕಾಯಿಗಳನ್ನು ಮಾಡಿಸಿ ಜನರ ಕೈಗೆ ತಲುಪಿಸುತ್ತಿರುವುದು ಈ ಕೊರತೆಯನ್ನು ತುಂಬುವ ಶ್ಲಾಘ್ಯ ಪ್ರಯತ್ನ.

ಇದಕ್ಕೆ ಪ್ರತಿಯಾಗಿ ನಿಯಮವನ್ನೇ ಮುಖ್ಯ ಸರಕನ್ನಾಗಿ ಮಾಡಿಕೊಂಡ ಪ್ರಕಾಶನವೊಂದು ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ತಲೆದೋರಿತು. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗಾಕ್ಸ್ ಹಾಗೂ ಡಾನ್ ಕೇ ಎಂಬ ಮಿತ್ರರು 1973ರಲ್ಲಿ ‘ಟ್ಯಾಕ್ಟಿಕಲ್ ಸ್ಟಡೀಸ್ ರೂಲ್ಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಲ್ಲಿಂದ ಹೊರಬಂದಿತು. ಒಂದು ಪೆಟ್ಟಿಗೆಯಲ್ಲಿ ಮೂರು ಚಿಕ್ಕ ಪುಸ್ತಿಕೆಗಳು. ಮೊದಲ ಮುದ್ರಣ 1000 ಪ್ರತಿ. ಬೆಲೆ 10 ಡಾಲರು. ಅದರಲ್ಲಿ ಹಾಸಿರಲಿಲ್ಲ, ಕಾಯಿಯಿರಲಿಲ್ಲ. ಇದ್ದದ್ದು ನಿಯಮ ಮಾತ್ರ.

ಈ ಬಗೆಯ ಪಾತ್ರಧಾರಣೆಯ ಆಟದಲ್ಲಿ ಒಬ್ಬನು ಕಥೆಯನ್ನು ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ಒದಗಿದ ಸಂದರ್ಭದಲ್ಲಿ ಏನು ಮಾಡುವೆವೆಂದು ಹೇಳುತ್ತಾರೆ. ಫಲ ಸಂದಿಗ್ಧವಾದಾಗ ದಾಳ ತೀರ್ಮಾನಿಸುತ್ತದೆ. ನಮ್ಮ ಕಡೆಯ ಓದುಗರು ಇದನ್ನು ದೊಡ್ಡಾಟದ ಸಾರಥಿಯ ನೆನಪಿನಿಂದ ಸುಲಭವಾಗಿ ಗ್ರಹಿಸಬಹುದು. ಸಾರಥಿಯು ರಂಗಕ್ಕೆ ಬಂದ ಪಾತ್ರವನ್ನು ಮಾತನಾಡಿಸಿ ಕಥೆಯನ್ನು ಮುಂದುವರಿಸುವಂತೆಯೇ ಇಲ್ಲಿಯೂ. ಭೇದವಿಷ್ಟೆ: ದೊಡ್ಡಾಟದಲ್ಲಿ ದುರ್ಯೋಧನನು ಬೀಳುವುದು ಮೊದಲೇ ಗೊತ್ತು, ಇಲ್ಲಿ ಗೊತ್ತಿಲ್ಲ. ಇಬ್ಬರು ಆಟಗಾರರಿಗೆ ಬೇರೆಬೇರೆ ಧರ್ಮವನ್ನು ವಿಧಿಸುವ ಹುಲಿ-ಕುರಿಯಲ್ಲಿಯೂ ಪಾತ್ರದ ಬೀಜವಿದೆಯೆಂದು ಹೇಳಬಹುದು.

ಸಂಸ್ಥೆ ಬೆಳೆದು, ಕೊನೆಗೆ 1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿಯ ವಶವಾಯಿತು. ಆ ಕಂಪನಿಯು 2000ದಲ್ಲಿ ಆಟದ ಮೂಲನಿಯಮಗಳನ್ನು ಇತರರೂ ಬಳಸಿ ಪ್ರಕಟಿಸಬಹುದೆಂಬ ಮುಕ್ತ ಪರವಾನಗಿಯನ್ನು ನೀಡಿದುದರಿಂದ ಅನೇಕ ಸಣ್ಣ ಸ್ವತಂತ್ರ ಪ್ರಕಾಶಕರಿಗೆ ಅವಕಾಶವಾಯಿತು. 2023ರ ಜನವರಿಯಲ್ಲಿ ಆ ಪರವಾನಗಿಯನ್ನು ಬಿಗಿಗೊಳಿಸುವ ಯತ್ನ ಬಯಲಾದಾಗ, ಆಟಗಾರರೂ ಸಣ್ಣ ಪ್ರಕಾಶಕರೂ ತೀವ್ರವಾಗಿ ಪ್ರತಿಭಟಿಸಿದರು. ಅದೇ ತಿಂಗಳ ಅಂತ್ಯದೊಳಗೆ ಕಂಪನಿಯು ಹಿಂದೆ ಸರಿದು, ಮೂಲನಿಯಮಗಳನ್ನು ಯಾರೂ ಹಿಂತೆಗೆದುಕೊಳ್ಳಲಾಗದ ಸಾರ್ವಜನಿಕ ಪರವಾನಗಿಯಡಿ ಬಿಡುಗಡೆ ಮಾಡಬೇಕಾಯಿತು. ನಿಯಮವು ಆಡುವವರೆಲ್ಲರ ಸೊತ್ತೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಕಟ್ಟೆಯ ಮೇಲಿನ ಚೌಕಾಬಾರದಲ್ಲಿ ಈ ತತ್ತ್ವ ಯಾರೂ ಹೇಳದೆಯೇ ಆಚರಣೆಯಲ್ಲಿದ್ದಿತು. ಅಲ್ಲಿ ಇಲ್ಲದಿದ್ದುದು ಪ್ರಕಾಶಕ ಮಾತ್ರ.

ಹೀಗೆ ಮೂರು ಸ್ಥಿತಿಗಳು ನಮ್ಮ ಮುಂದಿವೆ: ನಿಯಮವಿದ್ದೂ ಗ್ರಂಥವಿಲ್ಲದ ಹಳ್ಳಿ, ಗ್ರಂಥವಿದ್ದೂ ಪ್ರಚಾರವಿಲ್ಲದ ಅರಮನೆ, ಹೆಚ್ಚಿನ ಬಂಡವಾಳವಿಲ್ಲದಿದ್ದರೂ ನಿಯಮವನ್ನು ಅಚ್ಚುಹಾಕಿ ಹಂಚಿದ ಸಣ್ಣ ಊರಿನ ಮಿತ್ರರು. ಮೂರನೆಯ ಮಾದರಿಗಾಗಿ ನಾವು ಅಮೆರಿಕದವರೆಗೆ ಹೋಗಬೇಕಾದುದೂ ಇಲ್ಲ. ಚಡಚಣದ ಸಿಂಪಿ ಲಿಂಗಣ್ಣನವರೂ ನೆರೆಯ ಹಲಸಂಗಿಯ ಮಧುರಚೆನ್ನ, ಕಾಪಸೆ ರೇವಪ್ಪ ಮೊದಲಾದವರೂ ಸೇರಿ 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಸಂಕಲನಗಳನ್ನು ಹೊರತಂದರು. ಬೀಸುಕಲ್ಲಿನ ಮುಂದಿನ ಹಾಡು ಅಚ್ಚಿನ ಪುಟಕ್ಕೆ ಬಂದಿತು. ಇಂದು ಬೀಸುಕಲ್ಲು ಮೂಲೆ ಸೇರಿದ್ದರೂ ಹಾಡು ಉಳಿದಿದೆ.

ಹಾಡಿಗೆ ದೊರೆತ ಈ ರಕ್ಷಣೆ ಅದೇ ಅಂಗಳದ ಆಟಕ್ಕೂ ದೊರೆಯಬೇಕಾದುದು ನ್ಯಾಯ. ಆದಕಾರಣ ನಮ್ಮ ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಹಿರಿಯರ ಬಳಿ ಕುಳಿತು, ಊರಿನ ಹೆಸರು, ಹಾಸಿನ ಚಿತ್ರ, ಮನೆಗಳ ಸಂಖ್ಯೆ, ಕವಡೆಯ ಬೆಲೆ, ಕಡಿಯುವ ಹಾಗೂ ಹಣ್ಣಾಗುವ ಕ್ರಮ, ಜಗಳ ಬಂದಾಗ ತೀರ್ಪು ಕೊಡುವ ರೀತಿ ಇಷ್ಟನ್ನು ಬರೆದು ತರಬೇಕೆಂದು ನಾವು ಸೂಚಿಸುತ್ತೇವೆ. ಬರೆಯುವಾಗ ಆಯಾ ಊರಿನ ನುಡಿಯನ್ನೇ ಬಳಸಬೇಕು. ಎರಡು ಊರುಗಳ ನಿಯಮ ಭಿನ್ನವಾಗಿದ್ದರೆ ಯಾವುದನ್ನೂ ತಿದ್ದದೆ ಎರಡನ್ನೂ ಉಳಿಸಬೇಕು. ಇದಕ್ಕೆ ದೊಡ್ಡ ಅನುದಾನವಾಗಲಿ ಅರಸೊತ್ತಿಗೆಯಾಗಲಿ ಬೇಕಿಲ್ಲ. ಬೇಕಾದುದು ಒಂದು ನೋಟುಪುಸ್ತಕ, ಆಡಿ ಕಲಿಯುವ ತಾಳ್ಮೆ, ಮತ್ತು ಹಿರಿಯರ ನೆನಪು ಇನ್ನೂ ಉಳಿದಿರುವ ಈ ಕೆಲವೇ ವರ್ಷಗಳು.