ದಂಡು ಹೋದ ಮೇಲೆ

ಮಾಯಕೊಂಡವೆಂದರೆ ನಮ್ಮ ಜನರಿಗೆ ನೆನಪಾಗುವುದು 1748ರ ಕಾಳಗ, ಅಲ್ಲಿ ಮಡಿದ ಚಿತ್ರದುರ್ಗದ ಮದಕರಿ ನಾಯಕ. ಕಾದಾಡಿದ ದಂಡಿಗೆ ಚರಿತ್ರೆಯಲ್ಲಿ ಜಾಗವಿದೆ. ಬೀಡುಬಿಟ್ಟು ಬಾಳಿದ ದಂಡಿಗೆ ಇಲ್ಲ. ಅದೇ ಸೀಮೆಯ ಹರಿಹರದಿಂದ ಎರಡು ಮೈಲಿ ದೂರದಲ್ಲಿ ಬ್ರಿಟಿಷರ ದೇಶೀ ಪಲ್ಟನ್ನೊಂದು 1865ರವರೆಗೂ ನೆಲೆಸಿತ್ತು. ಆಮೇಲೆ ಅದನ್ನು ತೆಗೆದರು.

ಪಲ್ಟನ್ನು ಎಂದರೆ ಬಂದೂಕು ಮಾತ್ರವಲ್ಲ. ಹಾಲು, ಹುಲ್ಲು, ಸೌದೆ, ಮಾಂಸ ಮಾರುವವರ ಒಲೆಯೂ ಸಿಪಾಯಿಯ ಸಂಬಳದಿಂದಲೇ ಉರಿಯುತ್ತದೆ. ಹೊರಡುವ ಹುಕುಂ ಸಿಪಾಯಿಗೆ ಬರುತ್ತದೆ. ಹುಲ್ಲು ಮಾರುವವಳಿಗೆ ಬರುವುದಿಲ್ಲ. 1809ರಲ್ಲಿ ಶ್ರೀರಂಗಪಟ್ಟಣದ ದಂಡು ಬೆಂಗಳೂರಿಗೆ ಸರಿದಾಗ ಒಂದು ಊರು ಸೊರಗಿತು, ಇನ್ನೊಂದು ಬೆಳೆಯಿತು.

ಹರಿಹರಕ್ಕೆ 1868ರಲ್ಲಿ ತುಂಗಭದ್ರೆಯ ಸೇತುವೆ ದಕ್ಕಿತು. ಪಕ್ಕದ ದಾವಣಗೆರೆಯಾದರೋ ಹೈದರಾಲಿಯ ಕಾಲದಿಂದಲೇ ವರ್ತಕರನ್ನು ನೆಚ್ಚಿ ಬೆಳೆದ ಊರು. ಸಂತೆ ಊರಿನದು, ದಂಡು ಸರಕಾರದ್ದು. ಅದು ಹೊರಡುವಾಗ ಊರನ್ನು ಕೇಳಿ ಹೊರಡುವುದಿಲ್ಲ.